ಬ್ರೈಂಡೆಲ್ ಕಟ್ಟಿದ ಜಾರುಬಂಡಿ ಹಾಡು

"ಬ್ರೈಂಡೆಲ್ ಮನೆಗೆ ಹೋಗೋದಾದ್ರೆ ಶಾಲು ಹೊದ್ಕೊಂಡು ಹೋಗ್ರೇ, ಅಲ್ಲಿ ಜುಲೈನಲ್ಲೂ ಹಿಮ ಬೀಳುತ್ತೆ!" ಎಂದು ಬ್ರಾಂಕ್ಸಿನ ಆ ಬೀದಿಯ ಹೆಂಗಸರು ನಗುತ್ತಿದ್ದರು. ಸುಳ್ಳೇನಲ್ಲ. ಡಿಸೆಂಬರಿಗೆ ಬೇಕಾದ ಕ್ರಿಸ್‌ಮಸ್ ಹಾಡನ್ನು ಬೇಸಿಗೆಯಲ್ಲೇ ಕಟ್ಟಬೇಕು. ಟಾರು ಕರಗುವ ಬಿಸಿಲಲ್ಲಿ, ಕಾಲನ್ನು ತಣ್ಣೀರಿನ ಬೋಗುಣಿಯಲ್ಲಿ ಅದ್ದಿಕೊಂಡು ಬ್ರೈಂಡೆಲ್ ಪಿಯಾನೋ ಮೇಲೆ ಹಿಮ ಸುರಿಸುತ್ತಿದ್ದಳು.

ಅಪ್ಪ ಅವ್ರೊಮ್ ಯೆಹೂದಿ ಮಂದಿರದಲ್ಲಿ ಪ್ರಾರ್ಥನೆ ಹಾಡುವವನು. ಮಗಳ ಕಸುಬಿಗೆ ಅವನ ತಕರಾರಿರಲಿಲ್ಲ. "ದರ್ಜಿ ಪಾದ್ರಿಗೂ ನಿಲುವಂಗಿ ಹೊಲೀತಾನೆ. ತಾನು ತೊಟ್ಕೋತಾನಾ?" ಎನ್ನುತ್ತಿದ್ದ.

ಅವನ ಆಸ್ತಿ ಎಂದರೆ ಒಂದು ರಾಗ. ಉಪವಾಸದ ದೊಡ್ಡ ದಿನದ ಸಂಜೆ, ಸ್ವರ್ಗದ ಬಾಗಿಲು ಮುಚ್ಚುವ ಹೊತ್ತಿಗೆ ಹಾಡುವಂಥದ್ದು. ಅವನ ಹುಟ್ಟೂರು ಬೆರೆಸ್ಟೊವ್ಕದ್ದು. ಯುದ್ಧ ಮುಗಿದಾಗ ಆ ಊರಲ್ಲಿ ಯೆಹೂದಿಗಳ ಒಂದು ನರಪಿಳ್ಳೆಯೂ ಉಳಿದಿರಲಿಲ್ಲ. ರಾಗ ಉಳಿದದ್ದು ಇವನ ಗಂಟಲಲ್ಲಿ ಮಾತ್ರ.

ಒಂದು ಬೇಸಿಗೆ ಪ್ರಕಾಶಕ ಅವಸರ ಮಾಡಿದ. ಪಾತ್ರೆ ತೊಳೆಯುತ್ತಿದ್ದ ಬ್ರೈಂಡೆಲ್‌ಗೆ ಎಲ್ಲಿಂದಲೋ ರಾಗವೊಂದು ಹೊಳೆಯಿತು. ಅದಕ್ಕೆ ಹಿಮದ ಮೇಲೆ ಓಡುವ ಜಾರುಬಂಡಿ, ಗಂಟೆ ಕಟ್ಟಿ, ಕುದುರೆ ಓಡಿಸಿದ ಹಾಗೆ ಓಡಿಸಿ ಕೊಟ್ಟಳು. ತೊಟ್ಟಿಲಲ್ಲಿ ಅಪ್ಪನ ಬಾಯಿಂದ ಕೇಳಿದ್ದನ್ನು ತನ್ನದೇ ಎಂದುಕೊಂಡಿದ್ದಳು, ಪಾಪ. ಆ ಓಟದಲ್ಲಿ ಅವ್ರೊಮನಿಗೂ ಗುರುತು ಸಿಗಲಿಲ್ಲ. ಚಳಿಗಾಲದಲ್ಲಿ ದೇಶದ ಬಾಯಲ್ಲೆಲ್ಲ ಅದೇ ಹಾಡು.

ಮುಂದಿನ ಉಪವಾಸದ ಸಂಜೆ ಅವ್ರೊಮ್ ಕಣ್ಣು ಮುಚ್ಚಿ ರಾಗವೆತ್ತಿದ. ಮುಂದಿನ ಸಾಲಿನ ಮಗುವೊಂದು ಅದಕ್ಕೆ ಜಾರುಬಂಡಿಯ ಮಾತು ಸೇರಿಸಿತು. ಇನ್ನೊಂದು ದನಿಗೂಡಿಸಿತು. ಹಸಿದ ಗಂಡಸರು ಶಾಲು ಕಚ್ಚಿ ನಗು ತಡೆದರು, ತಡೆಯಲಾಗಲಿಲ್ಲ. ಅವ್ರೊಮ್ ನಡುವೆಯೇ ನಿಲ್ಲಿಸಿದ. ಮೇಲೆ ಹೆಂಗಸರು ಕೂರುವ ಅಟ್ಟದಲ್ಲಿದ್ದ ಬ್ರೈಂಡೆಲ್‌ಗೆ ತಾನು ಓಡಿಸಿದ್ದು ಯಾವ ರಾಗವೆಂದು ಆಗ ತಿಳಿಯಿತು.

"ಅಪ್ಪಾ, ದೇವರಾಣೆ ನಂಗೊತ್ತಾಗ್ಲಿಲ್ಲ. ಹಾಡಿನ ಮೇಲೆ ನಿನ್ನ ಹೆಸ್ರು ಹಾಕಿಸ್ತೀನಿ."

"ಹಾಕ್ಸು. ಬೆರೆಸ್ಟೊವ್ಕದಲ್ಲಿ ಸತ್ತೋರ ಹೆಸ್ರೂ ಹಾಕ್ಸು. ಜಾರುಬಂಡೀಲಿ ಜಾಗ ಇದ್ರೆ."

ಹಬ್ಬದ ದಿನಗಳಲ್ಲಿ ಸೂತಕಕ್ಕೆ ಕೂರುವಂತಿಲ್ಲ; ಹಬ್ಬಗಳೆಲ್ಲ ಮುಗಿಯುವವರೆಗೆ ಅವನು ಕಾದ. ಮುಗಿದ ಮರುದಿನ ಅಂಗಿಯ ಅಂಚು ಹರಿದುಕೊಂಡು, ಕನ್ನಡಿಗೆ ಬಟ್ಟೆ ಹೊದಿಸಿ, ಬರಿಗಾಲಲ್ಲಿ ಗಿಡ್ಡ ಮಣೆಯ ಮೇಲೆ ಕುಳಿತ. ಏಳು ದಿನದ ಸೂತಕ. ಅವನ ಪಾಲಿಗೆ ಸತ್ತವಳು ಬ್ರೈಂಡೆಲ್.

ನೆರೆಯವರು ಸೂತಕದ ಮನೆಗೆ ಒಯ್ಯುವ ಬೇಯಿಸಿದ ಮೊಟ್ಟೆ ಹಿಡಿದು ಬಂದರು. ಬಾಗಿಲು ತೆಗೆದವಳು ಬ್ರೈಂಡೆಲ್ಲೇ.

"ಒಳ್ಳೇ ಹುಡ್ಗಿ ಇದ್ಲು" ಎಂದಳು ಕೆಳಮನೆಯ ಝಿಸ್ಸೆಲ್.

"ಸ್ವಲ್ಪ ಜಂಬ" ಎಂದಳು ಅವಳ ಸೊಸೆ.

"ಸತ್ತೋರನ್ನ ಹಾಗನ್ಬಾರ್ದು ಕಣೇ."

"ಝಿಸ್ಸೆಲಮ್ಮಾ, ಇಲ್ಲೇ ಇದೀನಲ್ಲ!"

ಯಾರೂ ತಿರುಗಲಿಲ್ಲ. ಅವಳು ಬಗ್ಗಿಸಿದ ಟೀ ಮಾತ್ರ ಕುಡಿದರು. "ಸಕ್ರೆ ಕಮ್ಮಿ" ಎಂದು ಸೊಸೆ ಲೋಟಕ್ಕೆ ಹೇಳಿದಳು.

ಸೂತಕ ಕಳೆದರೆ ಅಪ್ಪ ಮಾತಾಡಿಸುತ್ತಾನೆಂದು ಬ್ರೈಂಡೆಲ್ ಕಾದಳು. ಕೊನೆಯ ಬೆಳಿಗ್ಗೆ, ಪದ್ಧತಿಯಂತೆ ಬೀದಿ ಸುತ್ತಿ ಬರಲು ಅವ್ರೊಮ್ ಎದ್ದ. ಅವಳು ಕೋಟು ಹಿಡಿದಳು. ಗೂಟದಿಂದ ತೆಗೆದುಕೊಳ್ಳುವವನ ಹಾಗೆ ತೋಳು ತೂರಿಸಿ, ಅವನು ಝಿಸ್ಸೆಲ್‌ಗೆ ಹೇಳಿದ:

"ತೀರ್ಕೊಂಡೋಳ ಕೋಣೆ ಗುಡಿಸ್ಬೇಕು. ಯಾರಾದ್ರೂ ಬಾಡಿಗೆಗೆ ಬರೋರಿದ್ರೆ ನೋಡು."

ಅವರು ಮುಂಬಾಗಿಲಿಂದ ಹೋದರು. ಬ್ರೈಂಡೆಲ್ ಲೋಟಗಳನ್ನು ತೊಳೆದು ಬೋರಲು ಹಾಕಿದಳು. ಆಮೇಲೆ ತನ್ನ ಬಟ್ಟೆಯ ಪೆಟ್ಟಿಗೆ ಎತ್ತಿಕೊಂಡು, ಕಸದ ಡಬ್ಬಿ ಇಳಿಸುವ ಹಿಂಬದಿಯ ಮೆಟ್ಟಿಲಲ್ಲಿ ಇಳಿದು ಹೋದಳು.