ಚನ್ನರಾಯಪಟ್ಟಣವನ್ನು ಸೋಲಿಸಲು ನಮಗಿದ್ದ ಕಾರಣಗಳು

ನಾನು ಓದು ನಿಲ್ಲಿಸಿದ್ದು ೧೯೯೩ರಲ್ಲಿ, ಎಂಟನೇ ಕ್ಲಾಸಿನ ನಡುವೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಹೊಳೆನರಸೀಪುರದ ಅರಕಲಗೂಡು ರಸ್ತೆಯಲ್ಲಿ ಪಂಚರ್ ಅಂಗಡಿಯೊಂದಕ್ಕೆ ಕೆಲಸಕ್ಕೆ ಸೇರಿದೆ. ಲಾರಿ ಟೈರಿನ ಪಕ್ಕ ಕೂತ ಮೊದಲ ದಿನವೇ ಇದು ನನ್ನ ಜಾಗ ಅನ್ನಿಸಿತು. ಆಮೇಲೆ ಅದೇ ರಸ್ತೆಯಲ್ಲಿ ನನ್ನದೇ ಅಂಗಡಿ ಮಾಡಿದೆ. ಇವತ್ತಿಗೂ ಟೈರಿಗೆ ಕೈ ಹಾಕಿದರೆ ಮಧ್ಯೆ ಊಟಕ್ಕೆ ಏಳುವವನಲ್ಲ. ಇದನ್ನು ಜಂಬ ಅಂದುಕೊಂಡರೂ ಸರಿಯೇ. ದುಡಿದವನಿಗೆ ಅಷ್ಟು ಜಂಬ ಇರಬೇಕು.

ಅಂಗಡಿಯ ಎದುರಿಗೆ ಮೈದಾನ. ಮೈದಾನದ ಮೂಲೆಯಲ್ಲಿ ಎರಡು ಕಂಬ, ಎರಡು ಹಲಗೆ, ಎರಡು ರಿಂಗು. ಬಾಸ್ಕೆಟ್‌ಬಾಲ್ ಅಂದರೆ ಬಹಳ ದಿನ ನನಗೆ ಗಾಳಿ ಹೋದ ಚೆಂಡು ಅಷ್ಟೇ. ಆಟಗಾರರು ತಂದುಕೊಡುತ್ತಿದ್ದರು, ನಾನು ಸರಿಮಾಡಿ ಕೊಡುತ್ತಿದ್ದೆ. ಒಂದು ಸಂಜೆ ಟೈರು ಕಳಚುತ್ತಾ ತಲೆ ಎತ್ತಿ ನೋಡಿದೆ. ಸರ್ಕಾರಿ ಬಸ್ಸಿನ ಕಂಡಕ್ಟರೊಬ್ಬ, ಆಗಿನ್ನೂ ಹುಡುಗ, ಡ್ಯೂಟಿ ಮುಗಿಸಿ ಖಾಕಿ ಪ್ಯಾಂಟಿನಲ್ಲೇ ಆಡುತ್ತಿದ್ದ. ಇಬ್ಬರು ಎರಡು ಕಡೆಯಿಂದ ಬಂದು ಗುದ್ದಿದರು. ಬೇರೆಯವರಾಗಿದ್ದರೆ ಮಣ್ಣು ಮುಕ್ಕುತ್ತಿದ್ದರು. ಇವನು ಬಸ್ಸು ತಿರುವಿನಲ್ಲಿ ವಾಲಿದಾಗ ವಾಲುವ ಹಾಗೆ ಸೊಂಟದಿಂದ ಸ್ವಲ್ಪ ವಾಲಿ, ಮತ್ತೆ ನೆಟ್ಟಗಾಗಿ, ಚೆಂಡನ್ನು ರಿಂಗಿಗೆ ಹಾಕಿದ. ನನ್ನ ಕೈಯಲ್ಲಿದ್ದ ಸಲಾಕೆ ಅಲ್ಲೇ ನಿಂತಿತು. ಅವತ್ತಿನಿಂದ ನಾನು ಆ ತಂಡದವನು.

ಅವನೇ ಮುಂದೆ ನಮ್ಮ ಕ್ಯಾಪ್ಟನ್ ಆದ. ಜಿಲ್ಲೆಯ ಪಂದ್ಯಾವಳಿಯಲ್ಲಿ ನಾಲ್ಕು ವರ್ಷ ನಮ್ಮ ತಂಡವನ್ನು ಕೊನೆಯ ಸುತ್ತಿಗೆ ಒಯ್ದ. ನಾಲ್ಕು ವರ್ಷವೂ ಎದುರಿಗೆ ಬಂದದ್ದು ಚನ್ನರಾಯಪಟ್ಟಣ, ನಾಲ್ಕು ವರ್ಷವೂ ಸೋತೆವು. ಕೊನೆಯ ಸುತ್ತೆಂದರೆ ಮೂರು ಮ್ಯಾಚು. ಮೊದಲನೆಯದು ನಮ್ಮಲ್ಲಿ, ಎರಡನೆಯದು ಅವರಲ್ಲಿ, ಸಮ ಬಂದರೆ ಮೂರನೆಯದು ಹಾಸನದಲ್ಲಿ. ಪ್ರತಿ ಸಲವೂ ನಮ್ಮ ಊರಿನಲ್ಲಿ ಗೆಲ್ಲುವುದು, ಪಟಾಕಿ ಹೊಡೆಯುವುದು, ಆಮೇಲಿನ ಎರಡರಲ್ಲಿ ಸೋತು ಬಸ್ಸಿನಲ್ಲಿ ಬಾಯಿ ಮುಚ್ಚಿಕೊಂಡು ಬರುವುದು.

ಐದನೇ ವರ್ಷ ಕ್ಯಾಪ್ಟನ್ನಿನ ಮಂಡಿ ಊದತೊಡಗಿತು. ಡಾಕ್ಟರು ಸಾಕು ಅಂದಿದ್ದರು. ಅಂಗಡಿಯ ಬೆಂಚಿನ ಮೇಲೆ ಕೂತು ಮಂಡಿಗೆ ಬಟ್ಟೆ ಸುತ್ತಿಕೊಳ್ಳುತ್ತಾ ನನಗೆ ಹೇಳಿದ: "ಇದೇ ಕೊನೇ ವರ್ಷ ಕಣಣ್ಣ. ಗೆದ್ರೆ ಗೆದ್ದು ಬುಡ್ತೀನಿ. ಸೋತ್ರೆ ಜೀವಮಾನ ಪೂರ್ತಿ ಸೋತೋನಾಗೇ ಇದ್ಬುಡ್ತೀನಿ."

ಆ ವರ್ಷ ಗೆಲ್ಲಲೇಬೇಕು ಎಂದು ನನ್ನ ಮನಸ್ಸಿನಲ್ಲೇ ತೀರ್ಮಾನವಾಯಿತು. ಆಡುವವನು ನಾನಲ್ಲದಿದ್ದರೂ.

ಪಂದ್ಯಕ್ಕೆ ಹದಿನೈದು ದಿನ ಮುಂಚಿನಿಂದಲೇ ಅಂಗಡಿಯ ಮುಂದೆ ಗುಂಪು ಸೇರತೊಡಗಿತು. ಎಲ್ಲರ ಬಾಯಲ್ಲೂ ಈ ಸಲ ನಾವು ಯಾಕೆ ಗೆಲ್ಲುತ್ತೇವೆ ಎಂಬುದೇ. ಕಾರಣಗಳಿಗೆ ಬರವಿರಲಿಲ್ಲ. ಅರಕಲಗೂಡಿನಿಂದ ಒಬ್ಬ ಹೊಸಬ ಬಂದಿದ್ದ, ಹೊಗೆಸೊಪ್ಪು ಬೇಯಿಸುವ ಮನೆಗಳಲ್ಲಿ ಕೆಲಸ ಮಾಡುವವನು. ಸೊಪ್ಪು ಕಟ್ಟಿದ ಕಡ್ಡಿಗಳನ್ನು ಮೇಲಿನ ಅಟ್ಟಣೆಗೆ ಏರಿಸಲು ಸೀಸನ್ ಪೂರ್ತಿ ಕೈ ಮೇಲೆತ್ತಿಕೊಂಡೇ ನಿಲ್ಲುವ ಕೆಲಸ ಅದು. ಹಲಗೆಗೆ ಬಡಿದು ಬಂದ ಚೆಂಡನ್ನು ಅವನು ಗಾಳಿಯಲ್ಲೇ ಕಿತ್ತುಕೊಳ್ಳುವುದನ್ನು ನೋಡಿದರೆ, ಇವನ ಕೈ ಕೆಳಗಿಳಿಯುವುದನ್ನೇ ಮರೆತಿದೆಯೇನೋ ಅನ್ನಿಸುತ್ತಿತ್ತು. ಮಾತು ಕಡಿಮೆ. ಮ್ಯಾಚಿನ ಮಧ್ಯೆಯೂ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ.

ಆದರೆ ಎಲ್ಲಕ್ಕಿಂತ ದೊಡ್ಡ ಕಾರಣ ನಮ್ಮ ಕೋರ್ಟು. ಚನ್ನರಾಯಪಟ್ಟಣದ್ದು ಸಿಮೆಂಟು, ಹಾಸನದ್ದೂ ಸಿಮೆಂಟು, ನಮ್ಮದು ಮಣ್ಣು. ಬರೀ ಮಣ್ಣಲ್ಲ, ರಾಗಿ ಒಕ್ಕುವ ಕಣ ಮಾಡುವ ಹಾಗೆ ಮಾಡಿದ ಕೋರ್ಟು. ಹುಲ್ಲು ಕೆರೆದು, ನೀರು ಕುಡಿಸಿ, ರೋಣಗಲ್ಲು ಎಳೆದು, ಮೇಲೆ ಸಗಣಿ ಬಗ್ಗಡದಿಂದ ಸಾರಿಸುವುದು. ಈಗ ನಮ್ಮ ಕಡೆ ಕಣ ಮಾಡುವವರೇ ಇಲ್ಲ. ರಾಗಿ ಕೊಯ್ದವರು ಟಾರು ರಸ್ತೆಗೆ ಹಾಸುತ್ತಾರೆ, ಓಡಾಡುವ ಗಾಡಿಗಳೇ ಒಕ್ಕಿಕೊಡುತ್ತವೆ. ಕಣ ಮಾಡಿ ಗೊತ್ತಿದ್ದ ಹಿರಿಯರ ಕೈಗೆ ಉಳಿದಿದ್ದ ಒಂದೇ ಕೆಲಸವೆಂದರೆ ಬಾಸ್ಕೆಟ್‌ಬಾಲ್ ಕೋರ್ಟು. ಅವರಲ್ಲೆಲ್ಲ ಹಿರಿಯನಾದ ಒಬ್ಬ ಗೌಡ, ನಾವು ದೊಡ್ಡಪ್ಪ ಅಂತಲೇ ಕರೆಯುತ್ತಿದ್ದುದು, ಆಟದ ಒಂದು ರೂಲೂ ಗೊತ್ತಿಲ್ಲದವನು, ಪ್ರತಿ ವರ್ಷ ಪಂಚೆ ಎತ್ತಿ ಕಟ್ಟಿ ಆ ಕೆಲಸಕ್ಕೆ ನಿಲ್ಲುತ್ತಿದ್ದ. ಆ ನೆಲದ ಮೇಲೆ ಚೆಂಡು ಮಂಡಿಗಿಂತ ಮೇಲೆ ಏಳುತ್ತಿರಲಿಲ್ಲ. ನಮ್ಮವರಿಗೆ ಅದು ಅಭ್ಯಾಸ. ಹೊರಗಿನವರು ಚೆಂಡು ಎಲ್ಲಿ ಹೋಯಿತೆಂದು ಬಗ್ಗಿ ಹುಡುಕಬೇಕಿತ್ತು.

ಎದುರಾಳಿ ತಂಡದ ಕ್ಯಾಪ್ಟನ್ ನುಗ್ಗೇಹಳ್ಳಿಯವನು, ಸ್ವಂತ ಲಾರಿ ಇಟ್ಟುಕೊಂಡು ತೆಂಗಿನಕಾಯಿ ವ್ಯಾಪಾರ ಮಾಡುವವನು. ಅವರ ತಂಡದ ಅರ್ಧ ಜನ ಲಾರಿಗೆ ಕಾಯಿ ತುಂಬುವವರು. ಸಾಲಾಗಿ ನಿಂತು ಒಬ್ಬರ ಕೈಯಿಂದ ಒಬ್ಬರಿಗೆ ಕಾಯಿ ಎಸೆಯುವವರು. ಆ ಎಸೆತ ಹಿಡಿತವೇ ಕೋರ್ಟಿಗೂ ಬಂದಿತ್ತು. ಅವರು ಚೆಂಡು ದಾಟಿಸುವುದನ್ನು ನಮ್ಮವರೇ ಬಾಯಿಬಿಟ್ಟು ನೋಡುತ್ತಿದ್ದರು. ಆ ಕ್ಯಾಪ್ಟನ್ ಗಾಳಿ ಹಾಕಿಸಲು ನನ್ನ ಅಂಗಡಿಗೇ ಬರುತ್ತಿದ್ದ.

"ಏನಣ್ಣಾ, ಈ ಸಲನೂ ಕಪ್ಪು ನಮ್ಗೇ ಕೊಟ್ಟು ಎಳ್ನೀರು ಕುಡ್ಕಂಡು ಬತ್ತೀರಾ?"

"ಬಾರ್ಲಾ ನಮ್ ಕೋರ್ಟಿಗೆ. ಚೆಂಡು ಉಡುಕಕ್ಕೆ ಬ್ಯಾಟ್ರಿ ತತ್ತಾ."

"ಅದುನ್ನ ಕೋರ್ಟು ಅಂತೀಯಲ್ಲಣ್ಣ, ಅಲ್ಲಿ ರಾಗಿ ಒಣಾಕ್ಬೋದು ಅಷ್ಟೆ."

"ನಿನ್ನೇ ಒಣಾಕ್ತೀವಿ ಬಾ."

ಅವನು ನಗುತ್ತಾ ಲಾರಿ ಹತ್ತಿದ.

ಮ್ಯಾಚಿನ ಹಿಂದಿನ ದಿನ ನಡೆದದ್ದನ್ನು ನೆನೆದರೆ ಇವತ್ತಿಗೂ ನಗು ಬರುತ್ತದೆ. ಅವತ್ತು ಬಂದಿರಲಿಲ್ಲ. ಕೋರ್ಟು ಆಗಲೇ ಚೆನ್ನಾಗಿತ್ತು, ಒಂದು ಕೈ ಸಾರಿಸಿದ್ದು ಒಣಗಿ ಗಟ್ಟಿಯಾಗಿತ್ತು. ಕ್ಯಾಪ್ಟನ್ನಿನ ಕೊನೆಯ ವರ್ಷ ಎಂಬ ಸುದ್ದಿ ಊರಿಗೆಲ್ಲ ಹರಡಿತ್ತಲ್ಲ, ಯಾರಿಗೂ ಸುಮ್ಮನಿರಲು ಆಗಲಿಲ್ಲ. ದೊಡ್ಡಪ್ಪ ಕಾಲಿನಿಂದ ನೆಲ ಒತ್ತಿ ನೋಡಿ, "ಇನ್ನೊಂದ್ ಕೈ ಬುಡ್ರಲಾ, ಕಲ್ಲಾದಂಗಾಯ್ತದೆ" ಅಂದ. ಬೇಡ ಅನ್ನುವವರು ಒಬ್ಬರೂ ಇರಲಿಲ್ಲ. ಮನೆಮನೆಯಿಂದ ಮಂಕರಿಯಲ್ಲಿ ಸಗಣಿ ಬಂತು. ಎರಡನೇ ಕೈ ಆಯಿತು. ಸಗಣಿ ಮಿಕ್ಕಿದೆ ಅಂತ ಮೂರನೇ ಕೈಯೂ ಆಯಿತು. ಸಾಯಂಕಾಲ ಮೋಡ ಕವಿಯಿತು. ಬೆಳಿಗ್ಗೆ ಎದ್ದರೂ ಮೋಡ. ಬಿಸಿಲೆಂಬುದು ಇಣುಕಲೇ ಇಲ್ಲ.

ಮಧ್ಯಾಹ್ನ ರೆಫರಿ ಬಂದರು, ಸಾಲಗಾಮೆಯ ಕಡೆಯ ನಿವೃತ್ತ ಪೀಟಿ ಮೇಷ್ಟ್ರು. ಬೂಟುಗಾಲಿನ ತುದಿ ಇಟ್ಟರು. ಕಾಲು ಎತ್ತಿದಾಗ ಬೂಟಿನ ಅಚ್ಚು ಹಾಗೇ ಉಳಿಯಿತು. ಎರಡನೇ ಹೆಜ್ಜೆಗೆ ಜಾರಿ ಕಂಬ ಹಿಡಿದುಕೊಂಡರು.

"ಏನ್ರಯ್ಯಾ ಇದು? ಬಾಸ್ಕೆಟ್‌ಬಾಲ್ ಆಡೋ ಜಾಗವೋ, ಬೆರಣಿ ತಟ್ಟೋ ಜಾಗವೋ?"

"ಸಾ, ಇನ್ನೊಂದ್ ಗಂಟೇಲಿ ಒಣಗ್ತದೆ ಸಾ," ಅಂದ ದೊಡ್ಡಪ್ಪ.

"ಇನ್ನೊಂದು ದಿನಕ್ಕೂ ಒಣಗಲ್ಲ. ಹುಡುಗರ ಕಾಲು ಮುರಿದರೆ ನೀವು ಕಟ್ಟುತ್ತೀರಾ? ಆತಿಥೇಯರ ಕೋರ್ಟು ಸರಿಯಿಲ್ಲದಿದ್ದರೆ ಮ್ಯಾಚು ಎದುರಾಳಿಗೆ. ವಾಕೋವರ್."

ನಾನು ಕ್ಯಾಪ್ಟನ್ನಿನ ಮುಖ ನೋಡಿದೆ. ಅವನು ಯಾರನ್ನೂ ಬಯ್ಯಲಿಲ್ಲ. ದೊಡ್ಡಪ್ಪನ ಹತ್ತಿರ ಹೋಗಿ ಅವನ ಹೆಗಲ ಮೇಲೆ ಕೈ ಇಟ್ಟು ನಿಂತ. ಆ ಮುದುಕನ ಮೊಣಕೈವರೆಗೂ ಸಗಣಿ ಒಣಗಿ ಬಿರುಕು ಬಿಟ್ಟಿತ್ತು. ಒಣಗಿದ್ದು ಅದೊಂದೇ.

ಆಗ ನುಗ್ಗೇಹಳ್ಳಿಯವನು ಮುಂದೆ ಬಂದ. ಒಂದು ಮ್ಯಾಚು ಅವನಿಗೆ ಪುಕ್ಕಟೆ ಸಿಕ್ಕಿತ್ತು. ತಲೆ ಆಡಿಸಿದರೆ ಸಾಕಿತ್ತು.

"ಬ್ಯಾಡಿ ಸಾ. ಸಗಣಿ ಗೆದ್ಕೊಟ್ಟ ಮ್ಯಾಚು ತಕ್ಕಂಡು ಊರಿಗೋದ್ರೆ ನಮ್ಮವ್ವನೇ ಬಾಗ್ಲು ತಗ್ಯಾಕಿಲ್ಲ. ಆಸ್ನದ ಕೋರ್ಟು ಖಾಲಿ ಐತೆ. ಅಲ್ಲೇ ಆಡವಾ, ಇವತ್ತೇ. ನನ್ ಲಾರಿ ಐತಲ್ಲ, ಎಲ್ರೂ ಅತ್ರಿ." ಆಮೇಲೆ ನನ್ನ ಕಡೆ ತಿರುಗಿ, "ನೀನೂ ಅತ್ತಣ್ಣ. ಬ್ಯಾಟ್ರಿ ಬ್ಯಾಡ, ಅಲ್ಲಿ ಲೈಟ್ ಐತೆ," ಅಂದ.

ನಾಲ್ಕು ವರ್ಷ ಆ ಮನುಷ್ಯನನ್ನು ಬಯ್ದುಕೊಂಡು ಬಂದಿದ್ದೆ. ಅವತ್ತು ಬಯ್ಯಲು ಬಾಯಿ ಬರಲಿಲ್ಲ.

ಎರಡೂ ತಂಡ, ಎರಡೂ ಕಡೆಯ ಜನ, ಒಂದೇ ಲಾರಿ. ಕೆಳಗೆ ತೆಂಗಿನ ನಾರು. ದಾರಿಯಲ್ಲಿ ಮೊಸಳೆ ಎಂಬ ಊರು ದಾಟುವಾಗ ಎಲ್ಲರೂ ಪಕ್ಕದ ಹಲಗೆ ಹಿಡಿದು ಜೋಲಿ ಹೊಡೆಯುತ್ತಿದ್ದರು. ನಮ್ಮ ಕ್ಯಾಪ್ಟನ್ ಒಬ್ಬನೇ ನಡುವೆ ಕೈಕಟ್ಟಿ ನಿಂತಿದ್ದ, ಏನನ್ನೂ ಹಿಡಿಯದೆ. ಅವನ ಪಕ್ಕಕ್ಕೆ ಸರಿದೆ.

"ಇದ್ದ ಕಾರಣ ಎಲ್ಲಾ ಓಯ್ತಲ್ಲೋ."

"ಕೋರ್ಟೊಂದು ಓಯ್ತು. ನಾವ್ ಇದೀವಲ್ಲಣ್ಣ."

ಹಾಸನದಲ್ಲಿ ಆಟ ಶುರುವಾದಾಗ ನೋಡಲಾಗಲಿಲ್ಲ. ಮಣ್ಣಿನ ನೆಲಕ್ಕೆ ಗುದ್ದುವಷ್ಟೇ ಜೋರಾಗಿ ನಮ್ಮವರು ಸಿಮೆಂಟಿಗೆ ಗುದ್ದುತ್ತಿದ್ದರು. ಚೆಂಡು ಎದೆಗೆ, ಗಲ್ಲಕ್ಕೆ ಹಾರುತ್ತಿತ್ತು. ಹೊಗೆಸೊಪ್ಪಿನವನ ಮೂಗಿಗೇ ಒಂದು ಸಲ ಬಡಿಯಿತು. ಹಾಸನದ ಜನ ನಕ್ಕರು. ಅರ್ಧ ಆಟ ಮುಗಿಯುವಷ್ಟರಲ್ಲಿ ಹೇಳಿಕೊಳ್ಳಲಾಗದಷ್ಟು ಹಿಂದೆ ಬಿದ್ದಿದ್ದೆವು. ಆಮೇಲೆ ನಿಧಾನಕ್ಕೆ ನಮ್ಮವರ ಕೈಯ ಬಿರುಸು ತಗ್ಗಿತು. ಗುದ್ದುವುದು ನಿಂತು ಬರೀ ತಟ್ಟುವುದು ಬಂತು. ಕೊನೆಯ ಭಾಗದಲ್ಲಿ ಚೆಂಡು ನಮ್ಮವರ ಕೈ ಬಿಟ್ಟು ಹೋಗಲೇ ಇಲ್ಲ. ಸೋತೆವು, ಆದರೆ ಕೊಂಚದರಲ್ಲಿ.

ಅದೇ ಲಾರಿಯಲ್ಲಿ ವಾಪಸು ಬರುವಾಗ ನಾನು ತಲೆ ತಗ್ಗಿಸಿ ಕೂತಿದ್ದೆ. ಕ್ಯಾಪ್ಟನ್ ಕಣ್ಣು ಹೊಳೆಯುತ್ತಿತ್ತು.

"ಅಣ್ಣ, ಈಗ ಗೊತ್ತಾಯ್ತು. ನಾಲ್ಕು ವರ್ಷ ಮೊದಲ್ನೇ ಮ್ಯಾಚು ಮಣ್ಣಲ್ಲಿ ಗೆದ್ವು. ಆಮೇಲೆ ಸಿಮೆಂಟಿಗೋಗಿ ಚೆಂಡು ಪಳಗ್ಸೋ ಅಷ್ಟ್ರಲ್ಲಿ ಸೋತೋಯ್ತಿದ್ವು. ಈ ಸಲ ಆ ಪಾಠ ಮೊದ್ಲೇ ಆಗೋಗದೆ. ನಮ್ಮುನ್ನ ಸೋಲುಸ್ತಿದ್ದಿದ್ದು ನಮ್ ಕೋರ್ಟೇ."

ಈ ಮಾತು ದೊಡ್ಡಪ್ಪನ ಕಿವಿಗೂ ಬಿತ್ತು. ಅವನು ಮೊಣಕೈಯ ಸಗಣಿ ಕೆರೆಯುತ್ತಾ, "ಅಂಗಾದ್ರೆ ನಾನ್ ಜಾಸ್ತಿ ಸಾರ್ಸಿದ್ದು ಒಳ್ಳೇದೇ ಆಯ್ತು ಅನ್ಲಾ," ಅಂದ. ಲಾರಿಯಲ್ಲಿದ್ದ ಚನ್ನರಾಯಪಟ್ಟಣದವರೂ ಸೇರಿ ಎಲ್ಲರೂ ನಕ್ಕರು.

ಚನ್ನರಾಯಪಟ್ಟಣದಲ್ಲಿ ನಾವು ಅದುವರೆಗೆ ಒಂದು ಮ್ಯಾಚೂ ಗೆದ್ದಿರಲಿಲ್ಲ. ಅಲ್ಲಿ ಸೋತರೆ ಕ್ಯಾಪ್ಟನ್ನಿನ ಆಟ ಮುಗಿದ ಹಾಗೆ. ಅವತ್ತು ಅಂಗಡಿಗೆ ಬೀಗ ಹಾಕಿ ಹೋದೆ. ಹಬ್ಬಕ್ಕೂ ಮುಚ್ಚದ ಅಂಗಡಿ. ಹೊಗೆಸೊಪ್ಪಿನವನು ಹಲಗೆಯ ಕೆಳಗೆ ಎತ್ತಿದ ಕೈ ಇಳಿಸದೆ ನಿಂತುಬಿಟ್ಟ. ಅವರ ಚೆಂಡು ರಿಂಗಿಗೆ ಬೀಳದೆ ಬಂದದ್ದೆಲ್ಲ ಅವನ ಪಾಲು. ಮೊದಲ ಸಲ ಅವರ ಊರಿನಲ್ಲಿ ಗೆದ್ದೆವು. ಅವರ ಜನ ಕಲ್ಲೆಸೆಯಲಿಲ್ಲ, ಎಳನೀರು ಕೊಟ್ಟರು. ಗೆದ್ದು ಕುಡಿದಾಗ ಅದರ ರುಚಿಯೇ ಬೇರೆ.

ಮೂರನೆಯದು ಮತ್ತೆ ಹಾಸನದಲ್ಲಿ. ಕೊನೆಯ ನಿಮಿಷದವರೆಗೂ ಸಮ. ಚೆಂಡು ನಮ್ಮ ಕ್ಯಾಪ್ಟನ್ ಕೈಯಲ್ಲಿತ್ತು. ಮಂಡಿ ಎಳೆಯುತ್ತಿತ್ತು, ಕುಂಟುವುದು ಎಲ್ಲರಿಗೂ ಕಾಣುತ್ತಿತ್ತು. ಮೂವರು ಸುತ್ತುವರಿದು ಒತ್ತಿದರು. ನಾನು ಮೊದಲ ಸಂಜೆ ಅಂಗಡಿಯಿಂದ ನೋಡಿದ್ದನ್ನೇ ಮತ್ತೆ ನೋಡಿದೆ: ಸ್ವಲ್ಪ ವಾಲಿದ, ನೆಟ್ಟಗಾದ. ಈ ಸಲ ತಾನು ಎಸೆಯಲಿಲ್ಲ. ಜನದ ನಡುವಿನಿಂದ ಕೈಚಾಚಿ ಟಿಕೆಟ್ ಕೊಡುವ ಹಾಗೆ ಚೆಂಡನ್ನು ಆಚೆ ದಾಟಿಸಿದ. ಅಲ್ಲಿ ಮೇಲೆತ್ತಿದ ಎರಡು ಕೈಗಳಿದ್ದವು. ಹೊಗೆಸೊಪ್ಪಿನವನು ಅದನ್ನು ಕಡ್ಡಿ ಏರಿಸಿದಷ್ಟೇ ಸಲೀಸಾಗಿ ರಿಂಗಿಗೆ ಇಟ್ಟ. ಸೀಟಿ ಕೂಗಿತು.

ಮೊದಲು ಓಡಿ ಬಂದು ನಮ್ಮ ಕ್ಯಾಪ್ಟನ್ನನ್ನು ಹೆಗಲ ಮೇಲೆ ಎತ್ತಿದವನು ನಾನಲ್ಲ, ನಮ್ಮೂರಿನವರೂ ಅಲ್ಲ. ನುಗ್ಗೇಹಳ್ಳಿಯವನು. "ಸಾಕ್ಮಾಡ್ಲಾ ಮಾರಾಯ, ಇನ್ ಆ ಮಂಡಿಗೆ ರೆಸ್ಟ್ ಕೊಡು," ಎಂದು ಕೂಗುತ್ತಿದ್ದ. ಮೇಲೆ ಕೂತವನು ಅಳುತ್ತಿದ್ದ, ಕೆಳಗಿನವನು ನಗುತ್ತಿದ್ದ.

ರಾಜ್ಯ ಮಟ್ಟದಲ್ಲಿ ಮೊದಲ ಸುತ್ತಿಗೇ ಸೋತು ಬಂದರು. ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಕ್ಯಾಪ್ಟನ್ ಹೇಳಿದಂತೆ ಆಟ ಬಿಟ್ಟ. ಈಗ ಸಂಜೆ ಚಿಕ್ಕವರಿಗೆ ಹೇಳಿಕೊಡುತ್ತಾನೆ. ನಮ್ಮ ಕೋರ್ಟಿಗೂ ಸಿಮೆಂಟು ಬಂತು. ಎಲ್ಲರೂ ಸೇರಿ ಹಾಕಿದ್ದು. ಅದಕ್ಕೆ ನೀರು ಹೊಡೆದು ಹದ ಮಾಡುವ ಕೆಲಸವನ್ನು ದೊಡ್ಡಪ್ಪ ಬೇರೆಯವರಿಗೆ ಬಿಟ್ಟುಕೊಡಲಿಲ್ಲ.

ಈಗ ನನಗಿರುವುದು ಇಷ್ಟು. ಸ್ವಂತ ಅಂಗಡಿ ಒಂದು. ಗಾಳಿ ಹಾಕುವ ಯಂತ್ರ ಎರಡು. ನನ್ನ ಹತ್ತಿರ ಕೆಲಸ ಕಲಿತು ನನ್ನ ಜೊತೆಗೇ ಉಳಿದವರು ಮೂವರು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಹೊಳೆಯ ಕಡೆ ಮುಖ ಮಾಡಿದ ಒಂದು ಮನೆ. ಚನ್ನರಾಯಪಟ್ಟಣದ ಎದುರು ಸೋತದ್ದು ನಾಲ್ಕು ಸಲ, ಗೆದ್ದದ್ದು ಒಂದು ಸಲ.