ರೇಣುಕಾ ಸಿಸ್ಟರ್ ಬಿಡಲಿಲ್ಲ

ಮೊನ್ನೆ ಬೆಟಗೇರಿಯ ಔಷಧಿ ಅಂಗಡಿಯಲ್ಲಿ ಯಾರದೋ ತೋಳಿಗೆ ಸುತ್ತಿದ್ದ ಬಿ.ಪಿ. ಪಟ್ಟಿಯನ್ನು ಪರ್ರನೆ ಬಿಚ್ಚಿದರು. ಆ ಸದ್ದಿಗೆ ನಾನು ಕೈಯಲ್ಲಿದ್ದ ಚೀಟಿ ಬೀಳಿಸಿ ಎರಡು ಹೆಜ್ಜೆ ಹಿಂದೆ ಸರಿದೆ. ನಿಮಗೆ ನಗು ಬರಬಹುದು. ಕಾರಣ ಹೇಳಬೇಕಾದರೆ ಎಂಟು ವರ್ಷ ಹಿಂದೆ ಹೋಗಬೇಕು; ಹೋದರೆ ನನ್ನ ಮಾನವೂ ಒಂದಿಷ್ಟು ಹೋಗುತ್ತದೆ.

ಹೆಂಡತಿ ಗಿರಿಜಾ ಗದಗಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಹೆತ್ತು ಮೂರನೆಯ ದಿನ. ಎಲ್ಲ ಸರಿಯಿದೆಯೆಂದು ಡಾಕ್ಟರು ಬೆಳಿಗ್ಗೆಯೇ ಡಿಸ್ಚಾರ್ಜ್ ಬರೆದು, ಇನ್ನೊಬ್ಬರ ಆಪರೇಷನ್ನಿಗೆ ಹೋಗಿದ್ದರು. ಬಾಣಂತಿಯನ್ನು ಡೋಣಿಗೆ, ಅವಳ ತವರಿಗೆ, ಕರೆದೊಯ್ಯಬೇಕು. ರಾಹುಕಾಲ ಶುರುವಾಗುವ ಮೊದಲೇ ಕೂಸು ಮನೆಯ ಹೊಸ್ತಿಲು ದಾಟಬೇಕೆಂದು ಅತ್ತೆಯವರ ಹಟ. ಕಾರು ಬಾಗಿಲಲ್ಲೇ ನಿಂತಿತ್ತು.

ಗಿರಿಜಾಳ ಕೈಗೆ ಹಾಕಿದ್ದ ಸಲೈನ್ ಸೂಜಿ ತೆಗೆಯಲು ಬಂದ ರೇಣುಕಾ ಸಿಸ್ಟರ್ ಅದನ್ನು ತೆಗೆಯಲಿಲ್ಲ. ಕೊರ್ಲಹಳ್ಳಿ ಕಡೆಯವರು, ಮಾತು ಕಡಿಮೆ. ತಲೆ ನೋಯುತ್ತದೆಯೇ ಎಂದು ಕೇಳಿದರು. ನಿದ್ದೆಗೆಟ್ಟಿದ್ದಾಳೆ ಅಷ್ಟೇ ಎಂದು ನಾನೇ ಉತ್ತರ ಕೊಟ್ಟೆ. ಅವರು ನನ್ನ ಕಡೆ ತಿರುಗಲೂ ಇಲ್ಲ.

"ಗಿರಿಜಾ, ಕಣ್ಣ ಮುಂದ ಏನರ ಕಾಣತೈತೇನವಾ?"

"ಜರಿ ಎಳಿ ಹೊಳದಂಗ ಆಗಾಕತ್ತೈತ್ರಿ."

ನೇಕಾರರಾದ ನಮ್ಮ ಮನೆಯ ಸೊಸೆ ಇನ್ನೇನು ಹೇಳಿಯಾಳು ಎಂದು ನಾನು ನಕ್ಕೆ. ಸಿಸ್ಟರ್ ನಗಲಿಲ್ಲ. ಬಿ.ಪಿ. ನೋಡಿದರು, ಪಟ್ಟಿ ಬಿಚ್ಚಿ ಇನ್ನೊಂದು ತೋಳಿಗೆ ಸುತ್ತಿ ಮತ್ತೆ ನೋಡಿದರು. ಆಪರೇಷನ್ ಕೋಣೆಗೆ ಫೋನು ಮಾಡಿದರು. ಡಾಕ್ಟರ ಕೈ ಬಿಡುವಿಲ್ಲ, ಡಿಸ್ಚಾರ್ಜ್ ಬರೆದಾಗಿದೆ, ಕಳಿಸಿಬಿಡಿ ಎಂದಿತು ಅತ್ತಲಿನ ದನಿ. ಫೋನು ಇಟ್ಟವರೇ ಕೇಸಿನ ಹಾಳೆ ತೆಗೆದು, ಬಿ.ಪಿ. ಎಷ್ಟು ಏರಿದೆಯೆಂದು ಬರೆದು, ಈ ಸ್ಥಿತಿಯಲ್ಲಿ ಕಳಿಸುತ್ತಿಲ್ಲವೆಂದು ಕೆಳಗೆ ತಮ್ಮ ಸಹಿ ಹಾಕಿದರು.

"ಡಾಕ್ಟರಕಿಂತ ದೊಡ್ಡಾಕಿ ಏನ್ರಿ ನೀವು?" ಎಂದೆ.

"ಅಲ್ರಿ. ಆದ್ರ ಈಗ ಆಕಿ ಮುಂದ ನಿಂತಾಕಿ ನಾನು."

ನಾನು ಶಾಲೆಯ ಗುಮಾಸ್ತ; ಅರ್ಜಿ ಬರೆಯುವುದರಲ್ಲಿ ಪಳಗಿದವನು. ಹೊರಗಿನ ಬೆಂಚಿನ ಮೇಲೆ ಕೂತು 'ಮಾನ್ಯರೇ' ಎಂದು ಶುರುಮಾಡಿ, ಒಂದೂ ಕಾಗುಣಿತ ತಪ್ಪಿಲ್ಲದೆ ಪುಟ ತುಂಬ ದೂರು ಬರೆದು ಮ್ಯಾನೇಜರರ ಮೇಜಿನ ಮೇಲಿಟ್ಟೆ. ತಿರುಗಿ ಬರುವಷ್ಟರಲ್ಲಿ ಅತ್ತೆಯವರ ಚೀರಾಟ ಕೇಳಿಸಿತು.

ಗಿರಿಜಾಳ ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಂಡಿತ್ತು, ಹಲ್ಲು ಕಚ್ಚಿತ್ತು, ಮೈಯೆಲ್ಲ ಸೆಟೆದು ಅದುರುತ್ತಿತ್ತು. ಸಿಸ್ಟರ್ ಅವಳನ್ನು ಮಗ್ಗುಲಿಗೆ ಹೊರಳಿಸಿ ಹಿಡಿದಿದ್ದರು. ಪಕ್ಕದ ತಟ್ಟೆಯಲ್ಲಿ ಇಂಜೆಕ್ಷನ್ ಆಗಲೇ ತುಂಬಿಟ್ಟಿತ್ತು. ಡಾಕ್ಟರನ್ನು ಕೇಳಬೇಕಲ್ಲವೇ ಎಂದು ಆಯಾ ತೊದಲಿದಳು.

"ಮೊದಲನೇ ಡೋಸ್ ಕೊಡಾಕ ನನಗ ಅಧಿಕಾರ ಐತಿ. ನೀ ಕಾಲ್ ಹಿಡಿ."

ದನಿ ಗಟ್ಟಿಯಿತ್ತು, ಕತ್ತಿನ ಮೇಲೆ ಮಾತ್ರ ಬೆವರು ಇಳಿಯುತ್ತಿತ್ತು. ನಾನು ಬಾಗಿಲಲ್ಲಿ, ಕೈಯಲ್ಲಿ ಪೆನ್ನು ಹಿಡಿದುಕೊಂಡೇ ನಿಂತಿದ್ದೆ. ಡಾಕ್ಟರು ಓಡಿ ಬರುವಷ್ಟರಲ್ಲಿ ಅದುರುವುದು ನಿಂತಿತು. ಅವರು ಹಾಳೆ ಓದಿ, ಹೆರಿಗೆಯಾದ ಮೇಲೆ ಬಿ.ಪಿ. ಏರಿ ಬರುವ ಫಿಟ್ಸ್ ಇದು ಎಂದು, ತಾವು ಬರೆದಿದ್ದ ಡಿಸ್ಚಾರ್ಜ್ ಮೇಲೆ ಗೀಟು ಎಳೆದರು. ನನ್ನ ಕಣ್ಣ ಮುಂದೆ ಕಪ್ಪತಗುಡ್ಡದ ಬದಿಯಲ್ಲಿ ಡೋಣಿಗೆ ಹೋಗುವ ಖಾಲಿ ರಸ್ತೆ ಬಂತು. ಆ ಹೊತ್ತಿಗೆ ನಮ್ಮ ಕಾರು ಅಲ್ಲಿರುತ್ತಿತ್ತು.

ಸಂಜೆ ಗಿರಿಜಾ ಕಣ್ಣು ತೆರೆದು ಕೂಸನ್ನು ಕೇಳಿದಳು. ಮರುದಿನ ದೂರು ವಾಪಸು ಪಡೆಯಲು ಹೋದರೆ, ಅದಕ್ಕೆ ವಿವರಣೆ ಕೊಡಲು ಸಿಸ್ಟರ್ ಮ್ಯಾನೇಜರರ ಎದುರು ನಿಂತಿದ್ದರು. ನಾಚಿಕೆಯಿಂದ ಕಾಗದ ಕಸಿದು ಹರಿಯಹೋದೆ.

"ಹರೀಬ್ಯಾಡ್ರಿ," ಎಂದರು. "ಮುಂದೇನಾತು ಅನ್ನೂದನ್ನೂ ಅದರ ಕೆಳಗ ಬರೀರಿ. ನಾಳೆ ಇನ್ನೊಬ್ಬಾಕಿ ಸಿಸ್ಟರ್ ಹಿಂಗ ತಡದ್ರ, ಆಕಿಗೆ ಬೇಕಾಗ್ತೈತಿ."

ಬರೆದೆ. ಕಾಗುಣಿತ ಎರಡು ಕಡೆ ತಪ್ಪಿತು.

ಕಳೆದ ತಿಂಗಳು ಅಪ್ಪನ ಕಾಲಿನ ಗಾಯ ತೋರಿಸಲು ಶಿರಹಟ್ಟಿಗೆ ಹೋದಾಗ, ಇವರನ್ನು ಇವತ್ತೇ ಮನೆಗೆ ಕರೆದೊಯ್ಯಬೇಡಿ ಎಂದಳು ಅಲ್ಲಿಯ ಎಳೆಯ ನರ್ಸ್. ಸಿಟ್ಟು ಎಂದಿನಂತೆ ಗಂಟಲತನಕ ಬಂತು; ಆ ಚಟ ಹೋಗಿಲ್ಲ. ನುಂಗಿಕೊಂಡು ಕೇಳಿದೆ:

"ನಿಮಗೇನ್ ಕಾಣ್ತು, ಹೇಳ್ರಿ ಸಿಸ್ಟರ್."

ಕುಹಕವೋ ಏನೋ ಎಂದು ಅವಳು ಒಂದು ಗಳಿಗೆ ನನ್ನನ್ನು ದಿಟ್ಟಿಸಿದಳು. ಆಮೇಲೆ ಅಪ್ಪನ ಹಿಮ್ಮಡಿಯ ಪಕ್ಕ ಬಗ್ಗಿ, ಬೆರಳಿಟ್ಟು ತೋರಿಸುತ್ತ ಹೇಳತೊಡಗಿದಳು. ನಾನೂ ಬಗ್ಗಿದೆ.