ಡಾಬಾ ಮುಂದಿನ ದೋಣಿ

ಹಿಂದೂಪುರದಲ್ಲಿ ನನ್ನದೊಂದು ಎಂಜಿನ್ ರಿಪೇರಿ ಶೆಡ್ಡು ಇತ್ತು. ಬಾವಿಯ ಆಯಿಲ್ ಎಂಜಿನ್, ಟ್ರಾಕ್ಟರು, ಹಿಟ್ಟಿನ ಗಿರಣಿಯ ಮೋಟರು, ಏನು ಬಂದರೂ ಬಿಚ್ಚಿ ಕೂರುತ್ತಿದ್ದೆ. ದೋಣಿ ಮಾತ್ರ ಬಂದಿರಲಿಲ್ಲ. ನೀರೇ ಅಪರೂಪದ ನೆಂಟನಂತೆ ಬಂದುಹೋಗುವ ನಮ್ಮ ಸೀಮೆಗೆ ದೋಣಿ ಯಾಕೆ ಬರುತ್ತದೆ? ಆದರೂ ಒಂದು ದೋಣಿ ಕೊಂಡೆ. ಅಕ್ಕನಿಗಾಗಿ ಕೊಂಡೆ.

ಅಕ್ಕನ ಮನೆ ಕಲ್ಯಾಣದುರ್ಗದ ಆಚೆ, ಸೆಟ್ಟೂರಿನ ಕಡೆಯ ಒಂದು ಹಳ್ಳಿಯಲ್ಲಿ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳೇ. ಮದುವೆಯಾಗಿ ಹೋಗುವಾಗಲೂ ಹಾಸಿಗೆ, ಪಾತ್ರೆಗಳ ಜೊತೆ ನನ್ನನ್ನೂ ಕಟ್ಟಿಕೊಂಡು ಹೋದಳು. ಅವಳಿಗೆ ಮಕ್ಕಳಾಗಲು ಬಹಳ ವರ್ಷ ಹಿಡಿಯಿತು. ಕೊನೆಗೂ ಒಬ್ಬ ಮಗ ಹುಟ್ಟಿದಾಗ, ಅವನ ಹುಟ್ಟುಗೂದಲು ಊರಮ್ಮನಿಗೆ ಎಂಬ ಹರಕೆ ಇದೆ ಎಂದಳು. ಸೋದರಮಾವನ ತೊಡೆಯ ಮೇಲೆ ಕೂರಿಸಿ, ಅಮ್ಮನ ಗುಡಿಯ ಎದುರಿನಲ್ಲೇ ಮುಡಿ ತೆಗೆಸಬೇಕು.

ಗುಡಿ ಇದ್ದದ್ದು ಕೆರೆಯ ನಡುವಿನ ದಿಬ್ಬದ ಮೇಲೆ. ಹೆಸರಿಗಷ್ಟೇ ಅದು ಕೆರೆ. ನಾನು ಕಂಡಾಗಿನಿಂದ ಅದರೊಳಗೆ ಜಾಲಿಗಿಡ, ಕುರಿಮಂದೆ, ಕ್ರಿಕೆಟ್ ಆಡುವ ಹುಡುಗರು. ನಡೆದೇ ಹೋಗಿ ಕೈಮುಗಿದು ಬರುತ್ತಿದ್ದೆವು. ಮಗುವಿಗೆ ಮುಡಿ ತೆಗೆಸುವ ಹೊತ್ತಿಗೆ ಸರಿಯಾಗಿ ಮಳೆ ಬಂತು ನೋಡಿ, ಕೆರೆ ತುಂಬಿ ಕೋಡಿ ಬಿತ್ತು. ಊರಿಗೆ ಊರೇ ಕುಣಿಯಿತು. ಮರುವರ್ಷವೂ ನೀರು ಇಳಿಯಲಿಲ್ಲ.

ಹುಡುಗ ಅಂಗನವಾಡಿಗೆ ಹೋಗುವಷ್ಟು ದೊಡ್ಡವನಾದ. ಬೆನ್ನ ಮೇಲೆ ಜಡೆ ಇಳಿಬಿಟ್ಟುಕೊಂಡು ಓಡಾಡುತ್ತಿದ್ದ. ಬೇರೆ ಮಕ್ಕಳು ಜಡೆ ಎಳೆಯುತ್ತಿದ್ದರು, ಅವನು ಅಳುತ್ತಾ ಮನೆಗೆ ಬರುತ್ತಿದ್ದ. ಭಾವ, "ಬೇರೆ ಯಾವ್ದಾರ ದೇವಸ್ಥಾನದಾಗೆ ತೆಗುಸ್ಬಿಡಾನ" ಎಂದರೆ ಅಕ್ಕ ಒಪ್ಪಳು. ಕೆರೆಗೆ ಮೀನು ಬಿಟ್ಟವರು ಲಾರಿ ಟ್ಯೂಬಿನ ಮೇಲೆ ಕೂತು ಓಡಾಡುತ್ತಿದ್ದರು. ಮಗುವನ್ನು ಅದರ ಮೇಲೆ ಕೂರಿಸುವ ಮಾತೆತ್ತಿದವರಿಗೆ ಅವಳು ಅವತ್ತು ಊಟವನ್ನೇ ಬಡಿಸಲಿಲ್ಲ.

ಒಂದು ಸಂಜೆ ಎಸ್‌ಟಿಡಿ ಬೂತಿನಿಂದ ನನಗೆ ಫೋನ್ ಮಾಡಿದಳು. ದನಿ ಬಿದ್ದುಹೋಗಿತ್ತು. "ನೀರು ಬತ್ತಿಹೋಗ್ಲಿ ಅಂತ ಬೇಡ್ಕಳಕ್ಕೆ ಆಯ್ತದೇನ್ಲಾ? ಇಷ್ಟು ವರ್ಷಕ್ಕೆ ಬಂದೈತೆ. ಯಾವ ಬಾಯಲ್ಲಿ ಬೇಡ್ಕಳ್ಲಿ?" ಎಂದಳು. "ನಾನ್ ಏನಾರ ಮಾಡ್ತೀನಿ ಕಣಕ್ಕ" ಎಂದುಬಿಟ್ಟೆ.

ಆಗ ನೆನಪಾದದ್ದು ಕೊಡಿಕೊಂಡ ಚೆಕ್‌ಪೋಸ್ಟಿನ ಬಳಿಯ ಡಾಬಾ. ಅದರ ಮಾಲೀಕ ಲಾರಿಯವರ ಕಣ್ಣಿಗೆ ಬೀಳಲೆಂದು ಎಲ್ಲಿಂದಲೋ ಒಂದು ಹಳೆಯ ಮರದ ಮೋಟಾರು ದೋಣಿ ತಂದು ಅಂಗಳದಲ್ಲಿ ನಿಲ್ಲಿಸಿದ್ದ. ಅದರ ತುಂಬ ಮಣ್ಣು ಹಾಕಿ ಕಣಗಿಲೆ ಗಿಡ ನೆಟ್ಟಿದ್ದ. ಅಲ್ಲಿಗೆ ಹೋಗಿ ದೋಣಿಯ ಹಿಂಬದಿಯ ಹಲಗೆ ಎತ್ತಿ ನೋಡಿದೆ. ನಮ್ಮ ಬಾವಿ ಎಂಜಿನ್ನಿನ ಜಾತಿಯದೇ ಒಂದು ಸಿಲಿಂಡರಿನ ಡೀಸೆಲ್ ಎಂಜಿನ್ ತುಕ್ಕು ಹಿಡಿದು ಕೂತಿತ್ತು. ಮೇಲೊಂದು ಕೋಳಿ ಕಾವಿಗೆ ಕೂತಿತ್ತು. ಯಾಕೆ ಬೇಕೆಂದು ಕೇಳಿದ ಮಾಲೀಕ, ಮುಡಿಯ ವಿಷಯ ಹೇಳಿದ ಮೇಲೆ ಚೌಕಾಸಿಗೇ ಇಳಿಯಲಿಲ್ಲ. ಮರಿಗಳು ಹೊರಬರುವವರೆಗೆ ಕಾಯಬೇಕೆಂಬುದೊಂದೇ ಅವನ ಷರತ್ತು. ಕಾದೆ. ಅವನ ಮನೆ ತಣ್ಣಗಿರಲಿ.

ಶೆಡ್ಡಿಗೆ ತಂದ ಮೇಲೆ ಎಂಜಿನ್ ನನ್ನನ್ನು ಸತಾಯಿಸಿತು. ಪಿಸ್ಟನ್ ಅಲ್ಲಾಡದಂತೆ ಹಿಡಿದುಬಿಟ್ಟಿತ್ತು. ಸಿಲಿಂಡರಿಗೆ ಸೀಮೆಎಣ್ಣೆ ಸುರಿದು ನೆನೆಹಾಕಿ, ದಿನಾ ಒಂದಿಷ್ಟು ಬೈದು, ಹ್ಯಾಂಡಲ್ ತಿರುಗಿಸಿ ತಿರುಗಿಸಿ ಭುಜ ಇಳಿದುಹೋಯಿತು. ಕೊನೆಗೊಂದು ದಿನ ಅದು ಕರೀ ಹೊಗೆ ಉಗುಳಿ ಡಬಡಬ ಎಂದಾಗ, ಪಕ್ಕದ ಟೀ ಅಂಗಡಿಯವನು ಕೇಳದೆಯೇ ಟೀ ತಂದುಕೊಟ್ಟ. ಅಷ್ಟರಲ್ಲಿ ಇನ್ನೊಂದು ಬುದ್ಧಿವಂತಿಕೆ ಮಾಡಿದ್ದೆ. ಮಣ್ಣಿನ ತೇವ ಹೀರಿದ ಹಲಗೆ ಚೆನ್ನಾಗಿ ಒಣಗಲೆಂದು ದೋಣಿಯನ್ನು ಬೋರಲು ಹಾಕಿ, ಬೇಸಿಗೆಯಿಡೀ ಬಿಸಿಲಿಗೆ ಬಿಟ್ಟಿದ್ದೆ. ಕಡಲೆಕಾಯಿ, ಹುಣಸೆಹಣ್ಣು, ಮೆಣಸಿನಕಾಯಿ, ಕೈಗೆ ಸಿಕ್ಕಿದ್ದನ್ನೆಲ್ಲ ಒಣಗಿಸಿಡುವ ಜನ ನಾವು. ಒಣಗಿದ್ದು ಕೆಡುವುದಿಲ್ಲ ಎಂಬುದು ನಮ್ಮ ರಕ್ತದಲ್ಲೇ ಇದೆ. ಆಮೇಲೆ ಸಂದುಗಳಿಗೆ ಒಂದಿಷ್ಟು ಟಾರು ಮೆತ್ತಿ ಲಾರಿಗೆ ಏರಿಸಿದೆ.

ಪೆನುಕೊಂಡ ದಾಟಿ ಕಲ್ಯಾಣದುರ್ಗಕ್ಕೆ ಬರುವಷ್ಟರಲ್ಲಿ ದೋಣಿಗೆ ಸಿಕ್ಕ ಮರ್ಯಾದೆ ಮಂತ್ರಿಗೂ ಸಿಕ್ಕಿರಲಾರದು. ಬಸ್‌ಸ್ಟ್ಯಾಂಡಿನಲ್ಲಿ ಜನ ಲಾರಿ ಸುತ್ತುವರಿದರು. "ಏಂದನ್ನಾ ಇದಿ, ಪಡವಾ?" ಎಂದು ತೆಲುಗಿನಲ್ಲಿ ಕೇಳಿದ ಒಬ್ಬ, ಇದು ನಿಜಕ್ಕೂ ದೋಣಿಯೇ ಎಂಬಂತೆ ಅದರ ಮೈ ತಟ್ಟಿ ನೋಡಿದ.

ಅಕ್ಕ ಆರತಿ ಹಿಡಿದು ಕೆರೆ ದಂಡೆಗೆ ಬಂದಳು. ದೋಣಿಯನ್ನು ನೀರಿಗೆ ತಳ್ಳಿದೆವು. ಆರತಿ ಆರುವ ಮೊದಲೇ ಅದರ ಪ್ರತಿಯೊಂದು ಸಂದಿನಿಂದಲೂ ನೀರು ಚಿಮ್ಮತೊಡಗಿತು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅಕ್ಕ ಮಗುವಿನ ಜಡೆ ಸವರುತ್ತಾ ನಿಂತಳು.

ಭಾವ ಮಾತ್ರ ನಕ್ಕರು. "ಗಾಡಿ ಚಕ್ರ ಸಡ್ಲಾದ್ರೆ ಏನ್ ಮಾಡ್ತೀವಪ್ಪಾ? ತಗಂಡೋಗಿ ನೀರ್ನಾಗೆ ಹಾಕಲ್ವ? ಇದೂ ಮರಾನೇ ಅಲ್ವ?" ಎಂದರು.

ಚಕ್ರ ನೆನೆಹಾಕುವುದು ನನಗೂ ಗೊತ್ತಿತ್ತು. ಆದರೆ ದೋಣಿಯನ್ನು ಮುಳುಗಿಸುವುದು ಯಾರ ತಲೆಗೆ ಹೊಳೆಯುತ್ತದೆ? ಎಂಜಿನ್ ಬಿಚ್ಚಿ ದಡಕ್ಕೆ ತಂದು, ದೋಣಿಯೊಳಗೆ ಕಲ್ಲು ಹೇರಿ, ನಾವೇ ಕೈಯಾರೆ ಮುಳುಗಿಸಿದೆವು. ನೋಡಲು ಬಂದ ಊರವರು, ಹಿಂದೂಪುರದ ಮೆಕಾನಿಕ್ಕಿಗೆ ತಲೆ ಕೆಟ್ಟಿದೆ ಎಂದು ಹೇಳಿಕೊಂಡು ಹೋದರು. ನಾನು ಹಿಂದೂಪುರಕ್ಕೆ ಹೋಗಿ ಕೆಲಸ ಮುಗಿಸಿ ವಾಪಸ್ಸು ಬರುವ ಹೊತ್ತಿಗೆ ಹಲಗೆಗಳು ನೀರು ಕುಡಿದು ಉಬ್ಬಿ ಒಂದಕ್ಕೊಂದು ಬಿಗಿದುಕೊಂಡಿದ್ದವು. ಎತ್ತಿ, ನೀರು ಚೆಲ್ಲಿ, ಎಂಜಿನ್ ಕೂರಿಸಿದೆವು. ತಳದಲ್ಲಿ ಒಂದು ಚೊಂಬು ನೀರೂ ನಿಲ್ಲಲಿಲ್ಲ. ಭಾವನಿಗೆ ನಾನು ಇವತ್ತಿಗೂ ಋಣಿ.

ಮುಡಿಯ ದಿನ ಅಕ್ಕ, ಭಾವ, ಹುಡುಗ, ಕ್ಷೌರದವರು, ನಾನು ದೋಣಿ ಹತ್ತಿದೆವು. ಹಿಂದಿನ ಹಿಡಿಕೆಯನ್ನು ಬಲಕ್ಕೆ ತಳ್ಳಿದರೆ ದೋಣಿ ಎಡಕ್ಕೆ ಹೋಗುತ್ತಿತ್ತು. ಟ್ರಾಕ್ಟರಿನ ಕೈಗೆ ಅದು ಒಗ್ಗದೆ ಒಂದು ಜಾಲಿಗಿಡದ ತಲೆಗೆ ಗುದ್ದಿದೆ. ಅಕ್ಕ ಮಗುವನ್ನು ಅವುಚಿಕೊಂಡು ಕಣ್ಣು ಮುಚ್ಚಿದವಳು ದಿಬ್ಬ ಮುಟ್ಟುವವರೆಗೆ ತೆರೆಯಲಿಲ್ಲ.

ಗುಡಿಯ ಎದುರು ಹುಡುಗ ನನ್ನ ತೊಡೆಯ ಮೇಲೆ ಕೂತು ಬಾಯಿ ಬಡಿದುಕೊಂಡ. ಅಕ್ಕ ಸೆರಗು ಒಡ್ಡಿ ಕೂದಲು ಹಿಡಿದಳು. ಬೋಳು ತಲೆಗೆ ಗಂಧ ಹಚ್ಚಿದ ಮೇಲೆ ಅವನೇ ತಲೆ ಸವರಿಕೊಂಡು ನಕ್ಕ. ನನ್ನ ಕೆಲಸ ಮುಗಿಯಿತೆಂದು ಎದ್ದೆ.

"ನೀನೂ ಕೂತ್ಕೊ" ಎಂದಳು ಅಕ್ಕ.

ನನಗೆ ಅರ್ಥವಾಗಲಿಲ್ಲ. ಅವಳು ತಲೆ ಎತ್ತದೆಯೇ ಹೇಳಿದಳು. "ನಾನ್ ಈ ಊರಿಗೆ ಬಂದ ವರ್ಷ ನಿನ್ಗೆ ಜ್ವರ ಬಂದು ಕಣ್ಣೇ ಬಿಡ್ತಿರ್ಲಿಲ್ಲ. ಇಲ್ಲಿಗೆ ಓಡ್ಬಂದು ಬೇಡ್ಕಂಡೆ. ಇವನು ಎದ್ದು ಕೂತ್ರೆ, ನನ್ನ ಮೊದಲ್ನೇ ಮಗಿನ ಜೊತೆ ಇವನ್ ಮುಡೀನೂ ಕೊಡ್ತೀನಿ ಅಂತ. ಮುಂದಿನ್ ವರ್ಷವೇ ಮಗು ಆಯ್ತದೆ ಅನ್ಕಂಡಿದ್ದೆ."

"ಇಷ್ಟು ವರ್ಷ ಒಂದು ಮಾತು ಹೇಳ್ಬಾರ್ದಿತ್ತಾ ಅಕ್ಕ?"

"ಹೇಳಿದ್ರೆ, ನಿನ್ನ ಉಳಿಸ್ಕಂಡಿದ್ದಕ್ಕೆ ಲೆಕ್ಕ ಕೇಳ್ದಂಗೆ ಆಯ್ತಿತ್ತು."

ಭಾವ ವಾತಾವರಣ ಹಗುರ ಮಾಡಲು, "ಇವ್ನಿಗೆ ಸೋದರಮಾವನ್ನ ಎಲ್ಲಿಂದ ತರಾನ? ಯಾರ ತೊಡೆ ಮೇಲೆ ಕೂರ್ತಾನೆ?" ಎಂದರು.

"ನಂದಿಲ್ವಾ?" ಎಂದಳು ಅಕ್ಕ.

ಮೀಸೆ ಬಂದು ಯಾವ ಕಾಲವಾಗಿದ್ದ ನಾನು ಅಲ್ಲೇ ನೆಲದ ಮೇಲೆ ಕೂತು ಅವಳ ಮಡಿಲಿಗೆ ತಲೆ ಬಾಗಿಸಿದೆ. ಕ್ಷೌರದವರು ತಣ್ಣೀರು ತಟ್ಟಿದರು. ನಾನು ಅಳುತ್ತಿದ್ದುದು ಅವರಿಗೆ ಗೊತ್ತಾಗಿರಬೇಕು. ಕತ್ತಿಯನ್ನು ಸ್ವಲ್ಪ ಹೊತ್ತು ತಡೆದು ಹಿಡಿದರು. ಮಗುವಿನ ನಯವಾದ ಜಡೆ ಇದ್ದ ಸೆರಗಿನಲ್ಲೇ ಅಕ್ಕ ನನ್ನ ಡೀಸೆಲ್ ಮೆತ್ತಿದ ಒರಟು ಕೂದಲನ್ನೂ ಹಿಡಿದಳು. ಮುಗಿದ ಮೇಲೆ ಎರಡನ್ನೂ ಸೇರಿಸಿ ಒಂದೇ ಗಂಟು ಕಟ್ಟಿದಳು.